ನಾಳೆ ಉದಯ ಎಸೆಯುವ ಚೆಂಡು

ಜುಬೈಲ್, ಗುರುವಾರ

ಪ್ರೀತಿಯ ತಮ್ಮಾ,

ನಾಳೆ ನಮ್ಮ ಕಂಪನಿ ಕ್ಯಾಂಪಿನವರಿಗೂ ಕೊರಿಯದವರಿಗೂ ಬೇಸ್‌ಬಾಲ್ ಫೈನಲ್. ನಮ್ಮ ಕಡೆಯಿಂದ ಚೆಂಡೆಸೆಯಲು ಶುರುಮಾಡುವವನು ನಿನ್ನ ಸೋದರಳಿಯ ಉದಯ. ನನಗೆ ಊಟ ಸೇರುತ್ತಿಲ್ಲ. ಅವರ ಎಸೆತಗಾರ ಒಬ್ಬ ವೆಲ್ಡರ್, ಪಂದ್ಯಕ್ಕೆ ಎರಡೇ ರನ್ ಬಿಟ್ಟುಕೊಡುವವನು. ನಮ್ಮವರು ಆರು ಹೊಡೆದು ಐದು ಕೊಡುವವರು. ಅದೂ ಈಗ ರಜೆಯಲ್ಲಿ ಮನಿಲಾಕ್ಕೆ ಹೋದ ನಮ್ಮ ಮಾಮೂಲಿ ಎಸೆತಗಾರ ಇದ್ದಾಗಿನ ಲೆಕ್ಕ.

ಈ ಆಟದಲ್ಲಿ ಚೆಂಡು ನೆಲ ಮುಟ್ಟದೆ ಹೋಗಬೇಕು. ಇವನಿಗೋ ಮಲ್ಪೆಯ ಕಡಲದಂಡೆಯಲ್ಲಿ ನೀನು ಕಲಿಸಿದ ಬೌಲಿಂಗ್ ಮರೆಯದು. ನಿನ್ನೆಯವರೆಗೂ ಬ್ಯಾಟಿನವನ ಕಾಲಬುಡದ ಮರಳಿಗೇ ಕುಕ್ಕುತ್ತಿದ್ದ. ಹಿಂದೆ ಕೂತು ಹಿಡಿಯುವ ಉಳ್ಳಾಲದ ಅದ್ದು, "ಎಂತ ಮಾರಾಯ, ನಾನು ಚೆಂಡು ಹಿಡಿಯುವುದಾ, ಹೊಯಿಗೆ ತಿನ್ನುವುದಾ?" ಎಂದು ಬೈದ. ಇವತ್ತು ಸಂಜೆ ಮಾತ್ರ ಚೆಂಡುಗಳು ಲಯ ಸಿಕ್ಕ ಹಾಡಿನ ಸಾಲುಗಳಂತೆ ಒಂದರ ಹಿಂದೊಂದು ಅದ್ದುವಿನ ಗ್ಲೌಸಿಗೇ ಬಂದು ಕೂತವು.

ಮಂಡಿನೋವಿನ ಎಣ್ಣೆ ಮುಗಿಯಿತು, ಬರುವವರ ಕೈಯಲ್ಲಿ ಕಳಿಸು.

ಕಾರ್ಡು ಮುಟ್ಟುವಾಗ ಪಂದ್ಯ ಹಳತಾಗಿರುತ್ತದೆ. ಆದರೂ ನಾಳೆಯೇ ಎಂದುಕೊಂಡು ಓದು. ಗೆದ್ದರೆ ಅವನ ಕೈಚಳಕ. ನೆಲಕ್ಕೆ ಕುಕ್ಕಿದರೆ ನಿನ್ನ ಪಾಠ ಎನ್ನುತ್ತೇನೆ. ಪೇಟೆಯ ಬಸ್ಸು ಬಂತು, ಇದನ್ನು ಅಂಚೆಗೆ ಹಾಕಿ ಬರುತ್ತೇನೆ.

ನಿನ್ನ ಅಕ್ಕ
ವಿನೋದಾ