ಅಡುಗೆಮನೆ ಗೋಡೆಯ ವಿಭೂತಿ

ಪ್ರೀತಿಯ ಅತ್ತೀ,

ನಿನ್ನ ಸೊಸೆ ಗಂಗಿಯ ಶರಣು. ಸೊಸೆಯಾಗುವ ಮೊದಲೇ ನಿನ್ನ ತಮ್ಮನ ಮಗಳಲ್ಲವೇ, ಈಗಲೂ ‘ನೀನು’ ಎಂದೇ ಬರೆಯುತ್ತೇನೆ, ಬೈಯಬೇಡ. ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಟೀವಿ ಬಂದಿದೆ. ಬಳ್ಳಾರಿಯ ಬಿಸಿಲು ಹಾಗೇ ಇದೆ, ನಿನ್ನ ಮಗನ ಗೊರಕೆಯೂ.

ನನ್ನ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕ ದಿನ ನೆನಪಿದೆಯಾ? ಮುಚ್ಚಿಟ್ಟುಕೊಳ್ಳೋಣವೆಂದರೆ ನೀನು ಬಿಡಬೇಕಲ್ಲ. “ಮೈಯಾಗಿನ ಗಂಟಿಗೆ ಎಂಥಾ ನಾಚಿಕಿ? ನಡಿ ದವಾಖಾನಿಗೆ!” ಎಂದು ಟಾಂಗಾ ಹತ್ತಿಸಿದೆ. “ಲಗೂ ಬಂದೀರಿ, ಎಲ್ಲೂ ಹರಡಿಲ್ಲ” ಎಂದ ಡಾಕ್ಟರಮ್ಮನ ಮುಖ ಸವರಿ ನೆಟಿಗೆ ಮುರಿದೆ. ಎಡ ಸ್ತನ ಹೋಯಿತು, ಜೀವ ಉಳಿಯಿತು.

ಮನೆಗೆ ಬಂದಮೇಲೆ ಉಳಿದ ಜೀವದ ಬೆಲೆ ನನಗೆಲ್ಲಿ ಗೊತ್ತಾಗುತ್ತಿತ್ತು? ಎಡಗೈ ಭುಜದ ಮೇಲಕ್ಕೆ ಏಳದು. ತಲೆ ಬಾಚಿಕೊಳ್ಳಲಾರೆ, ರೊಟ್ಟಿ ಬಡಿಯಲಾರೆ. ಕುಪ್ಪಸ ಒಂದು ಕಡೆ ಜೋತುಬೀಳುತ್ತಿತ್ತು. ಯಾರು ಬಂದರೂ ಒಳಕೋಣೆ ಸೇರುತ್ತಿದ್ದೆ. ದಿನಾ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಬೇಕು, ಇಲ್ಲದಿದ್ದರೆ ಕೈ ಹಾಗೇ ಬಿಗಿದುಬಿಡುತ್ತದೆ ಎಂದಿದ್ದರು ಡಾಕ್ಟರಮ್ಮ. ನಾಲ್ಕು ದಿನ ಮಾಡಿ, ನೋವಿಗೆ ಅತ್ತು ಬಿಟ್ಟುಬಿಟ್ಟೆ. ಆಗ ನೀನು ಏನು ಮಾಡಿದೆ? ಬಾದನಹಟ್ಟಿಯ ತವರಿನಿಂದ ಬಂದ ಶೇಂಗಾ ಉಂಡೆಯ ಡಬ್ಬಿಯನ್ನು ನಿನ್ನ ಮಗನ ಕೈಲಿ ಅಡುಗೆಮನೆ ಗೋಡೆಯ ತುದಿಯ ನಾಗೊಂದಿಗೆಯ ಹಲಗೆಯ ಮೇಲೆ ಇಡಿಸಿದೆ. “ಬೇಕಾದ್ರ ಎಡಗೈಲೆ ತಗೊಂಡು ತಿನ್ನು. ಬಲಗೈ ಹಚ್ಚಿದ್ರ ನೋಡು ಮತ್ತ!”

ಬೆಳಗಿನ ಪೂಜೆ ಮುಗಿಸಿದ ಕೈಯಲ್ಲೇ ಬಂದು, ನನ್ನ ಬೆರಳು ಎಲ್ಲಿಗೆ ಮುಟ್ಟಿತೋ ಅಲ್ಲಿ ಹೊಗೆಗಪ್ಪು ಗೋಡೆಗೆ ಒಂದು ವಿಭೂತಿ ಬೊಟ್ಟು ಇಡುತ್ತಿದ್ದೆ. ಗಿಡ್ಡಿ ನೀನು, ಬೊಟ್ಟು ಮೇಲೇರಿದಂತೆ ಮಣೆ ಹತ್ತಿ ನಿಂತೆ.

ಆ ಮಧ್ಯಾಹ್ನ... ಬರೆಯುವಾಗಲೂ ನಗು ಬರುತ್ತದೆ. ನಮ್ಮ ಬೀಗತಿ, ದೇಶನೂರಿನ ಶರಣಮ್ಮ, ನೀರು ಕುಡಿಯಲು ಅಡುಗೆಮನೆಗೆ ಬಂದವಳು ಗೋಡೆಯ ಮೇಲೆ ಸಾಲು ವಿಭೂತಿ ಕಂಡು ತಲೆಗೆ ಸೆರಗು ಹೊದ್ದು ಕೈಮುಗಿದಳು. “ಅಕ್ಕಾ, ಇದು ಯಾವ ದೇವ್ರು?” ನೀನು ಒಂದಿಷ್ಟೂ ನಗಲಿಲ್ಲ. “ನಮ್ಮನಿ ದೇವ್ರವ್ವ. ದಿನಾ ಒಂದೀಟು ಮ್ಯಾಲ ಹತ್ತಾಕತ್ತೈತಿ. ಶೇಂಗಾ ಉಂಡಿ ಅಂದ್ರ ಭಾಳ ಆಸಿ ಅದಕ್ಕ.” ಅವಳು ಮುಡಿದ ಹೂ ತೆಗೆದು ಗೋಡೆಯ ಬುಡಕ್ಕೆ ಇಟ್ಟದ್ದೇ ತಡ, ಒಳಕೋಣೆಯಲ್ಲಿದ್ದ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಹೊರಗೆ ಬಂದೆ, ಜೋತುಬಿದ್ದ ಕುಪ್ಪಸದಲ್ಲೇ. ಅವಳಿಗೆ ಎಲ್ಲ ಹೇಳಿದೆ, ಗಂಟಿನ ಸಂಗತಿಯನ್ನೂ. ಅಂದಿನಿಂದ ಯಾರು ಬಂದರೂ ಒಳಗೆ ಓಡಿಲ್ಲ.

ನಾಗೊಂದಿಗೆಗೆ ಇನ್ನೂ ಒಂದು ಗೇಣು ಉಳಿದಿರುವಾಗ ನೀನು ಶಿವನ ಹತ್ತಿರ ಹೊರಟೆ. ಅಷ್ಟು ಅವಸರ ಏನಿತ್ತು ಅತ್ತೀ? ಕೆಲವು ದಿನ ಆ ಗೋಡೆಯ ಕಡೆ ನೋಡಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮತ್ತೆ ಬೆರಳು ಹತ್ತಿಸಿದೆ, ಗೋಡೆಗೆ ಬೊಟ್ಟು ನಾನೇ ಇಟ್ಟೆ.

ಈಗ ನಿನಗೆ ತಿಳಿಯದ ಸುದ್ದಿ ಕೇಳು. ನನ್ನ ಎಡಗೈ ನಾಗೊಂದಿಗೆ ಮುಟ್ಟಿತು! ಡಬ್ಬಿ ಇಳಿಸಿ ತೆರೆದರೆ ಒಂದು ಉಂಡೆಯೂ ಇಲ್ಲ. ನಿನ್ನ ಮಗ ಯಾವಾಗಲೋ ಮುಗಿಸಿದ್ದ.

ಇನ್ನೊಂದು ಸುದ್ದಿ. ಶರಣಮ್ಮನಿಗೂ ಗಂಟು ಕಂಡಿತು. ನನ್ನ ಮಾತು ನೆನಪಾಗಿ, ಮುಚ್ಚಿಡದೆ ಮರುದಿನವೇ ಸಿರುಗುಪ್ಪ ಬಸ್ಸು ಹತ್ತಿ ಬಳ್ಳಾರಿಗೆ ಬಂದಳು. ಅವಳಿಗೂ ಹರಡಿರಲಿಲ್ಲ. ಆಪರೇಷನ್ ಆಗಿ ಈಗ ನಮ್ಮಲ್ಲೇ ಇದ್ದಾಳೆ. ಸುಣ್ಣ ಹೊಡೆಸುವಾಗಲೂ ನಾನು ಬಳಿಯಗೊಡದೆ ಉಳಿಸಿಕೊಂಡ, ನಿನ್ನ ಬೊಟ್ಟುಗಳ ಆ ಕಪ್ಪು ಪಟ್ಟಿಯ ಮುಂದೆ ಇವತ್ತು ಬೆಳಿಗ್ಗೆ ಅವಳನ್ನು ನಿಲ್ಲಿಸಿದೆ. “ನನ್ನ ಕೈಲೆ ಆಗಂಗಿಲ್ಲ ಗಂಗವ್ವ” ಎಂದಳು. ಡಬ್ಬಿಗೆ ಹೊಸ ಉಂಡೆ ತುಂಬಿ, ಎಡಗೈಯಿಂದಲೇ ಮೇಲಿಟ್ಟೆ. ಅವಳ ಬೆರಳು ನೀನಿಟ್ಟ ಮೊದಲ ಬೊಟ್ಟಿನ ಹತ್ತಿರ ನಿಂತಿತು. ಪಕ್ಕದಲ್ಲೇ ಹೊಸ ವಿಭೂತಿ ಹಚ್ಚಿದೆ.

ಕಣ್ಣಲ್ಲಿ ನೀರಿದ್ದರೂ ಶರಣಮ್ಮ ನಕ್ಕಳು: “ಅಯ್ಯ, ದೇವ್ರು ಮತ್ತ ಕೆಳಗ ಇಳದೈತಲ್ಲ!”

ಹತ್ತಿಸುತ್ತೇನೆ, ಅತ್ತೀ.

ನಿನ್ನ ಗಂಗಿ