ಉಪ್ಪಿನ ಶಾಖ

ಬಿಕರ್ನಕಟ್ಟೆ, ಮಂಗಳೂರು
ಆಗಸ್ಟ್ 12, ಮಂಗಳವಾರ

ಪ್ರೀತಿಯ ಶರೊನ್,

ಹೇಗಿದ್ದೀ ಮಗೂ? ಪುಣೆಯ ಮಳೆಗೆ ಕೆಮ್ಮು ಹೆಚ್ಚಾಗಿಲ್ಲವಷ್ಟೆ? ನಿನ್ನ ಅಜ್ಜ ಗಂಜಿಗೆ ಉಪ್ಪಿನಕಾಯಿ ಕೇಳುವಷ್ಟು ಸುಧಾರಿಸಿದ್ದಾರೆ.

ಈ ಮನೆಯ ಯಜಮಾನಿ ನಾನು. ಇಗರ್ಜಿಯ ಸ್ತ್ರೀ ಸಂಘಟನೆಗೆ ಮೂರು ಸಲ ಅಧ್ಯಕ್ಷೆಯಾದವಳು. ನನ್ನ ಮಾತನ್ನು ವಾರ್ಡಿನಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅದಕ್ಕೇ, ಅಜ್ಜನ ಸೊಂಟಕ್ಕೆ ಅಂಟಿಸಿದ ನೋವಿನ ಮದ್ದಿನ ಪಟ್ಟಿಯ ಮೇಲೆ ಬಿಸಿ ಏನಾದರೂ ಇಟ್ಟಿರಾ ಎಂದು ನೀನು ಫೋನಿನಲ್ಲಿ ಕೇಳಿದಾಗ ನಾನು ಇಲ್ಲ ಎಂದದ್ದನ್ನು ನೀನೂ ನಂಬಿದೆ.

ಇಟ್ಟಿದ್ದೆ. ನೀನೂ ನಿನ್ನ ಲ್ಯಾಬಿನವರೂ ಮಾಡಿದ ಆ ಪಟ್ಟಿಯನ್ನು ಪರೀಕ್ಷೆಗೆಂದು ಇಲ್ಲಿಯ ಆಸ್ಪತ್ರೆಯಲ್ಲಿ ಹಚ್ಚಿದಾಗ ನೀನೇ ವಿವರಿಸಿದ್ದೆಯಲ್ಲ: "ಸೆಕೆಯಾದ್ರೆ ನಾವು ಕಿಟಕಿ ತೆರೆಯುವುದಿಲ್ವಾ ಅಜ್ಜಿ, ಹಾಗೆಯೇ. ಮೈಬಿಸಿಗೆ ಆ ತೆಳು ಪರೆಯ ರಂಧ್ರ ತೆರೆದು ಮದ್ದು ಸ್ವಲ್ಪ ಸ್ವಲ್ಪ ಒಳಗೆ ಹೋಗ್ತದೆ." ನಾನು ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್, ಎಲ್ಲ ಅರ್ಥವಾಯಿತು ಎಂದುಕೊಂಡೆ. ಅವರು ನರಳುತ್ತಿದ್ದರು. ಕಿಟಕಿ ಇನ್ನಷ್ಟು ತೆರೆಯಲಿ ಎಂದು ಕಲ್ಲುಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ನನ್ನ ಅಮ್ಮ ಬಾಣಂತಿಯರಿಗೆ ಕೊಡುತ್ತಿದ್ದಂತೆ ಪಟ್ಟಿಯ ಮೇಲೆಯೇ ಶಾಖ ಕೊಟ್ಟೆ. ನೋವು ಇಳಿಯಿತು, ನಿದ್ದೆ ಹತ್ತಿತು. ಎಷ್ಟು ಹೆಮ್ಮೆ ನನಗೆ! ಆಮೇಲೆ ಕರೆದರೆ ಉತ್ತರವಿಲ್ಲ. ಉಸಿರು ಇದೆಯೋ ಇಲ್ಲವೋ ಎಂಬಂತೆ. ನನ್ನ ಶಾಖಕ್ಕೆ ಮದ್ದೆಲ್ಲ ಒಮ್ಮೆಲೇ ಮೈಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರೇ, "ನನ್ನನ್ನು ಮೇಲೆ ಕಳಿಸ್ಲಿಕ್ಕೆ ಎಂತ ಅರ್ಜೆಂಟು ಮಾರಾಯ್ತಿ?" ಎಂದರು. ನನಗೆ ನಗಲಾಗಲಿಲ್ಲ.

ಹೋಂ ನರ್ಸ್ ಆನ್ಸಿ ಎರಡು ಪಟ್ಟಿ ಹಚ್ಚಿರಬೇಕು ಎಂದರು ಎಲ್ಲರೂ. ನಾನು ಶಾಖದ ಮಾತೆತ್ತಲಿಲ್ಲ. "ಹಳೆಯದನ್ನು ತೆಗೆದೇ ಹಚ್ಚಿದ್ದು ಬಾಯಿ, ನೀವು ಅಲ್ಲಿಯೇ ಇದ್ರಲ್ಲಾ?" ಎಂದು ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. ನಾಳೆಯಿಂದ ಬರುವುದು ಬೇಡ ಎಂದೆ. ಈಗ ನೀನು, "ಪರೆಯಲ್ಲೇ ದೋಷವಿತ್ತು, ಅಜ್ಜನನ್ನು ನಾನೇ ಕೊಂದುಬಿಡುತ್ತಿದ್ದೆ" ಎಂದು ಲ್ಯಾಬಿಗೂ ಹೋಗದೆ ಕುಳಿತಿದ್ದೀಯಂತೆ. ನಿನ್ನ ಅಮ್ಮ ಹೇಳಿದಳು. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನಿನ್ನ ಕೆಲಸದಲ್ಲಿ ತಪ್ಪಿಲ್ಲ ಮಗೂ.

ಬಾಲಯೇಸು ನಿನ್ನ ಕೈಗಳನ್ನು ಹರಸಲಿ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅಜ್ಜಿ,
ವಿನಿಫ್ರೆಡ್

ತಾ.ಕ.: ಬೆಳಿಗ್ಗೆ ಡಾಕ್ಟರಿಗೆ ಎಲ್ಲ ಹೇಳಿದೆ, ನಿನ್ನ ಲ್ಯಾಬಿಗೂ ತಿಳಿಸುತ್ತಾರಂತೆ. ಅಲ್ಲಿಂದ ತೊಕ್ಕೊಟ್ಟಿನಲ್ಲಿರುವ ಆನ್ಸಿಯ ಮನೆಗೆ ಹೋಗಿ, ಅವಳ ಅಮ್ಮನ ಎದುರಿಗೇ ತಪ್ಪು ನನ್ನದು ಎಂದೆ. "ಬರ್ತೇನೆ ಬಾಯಿ. ಆದ್ರೆ ಅಜ್ಜನ ಕೋಣೆಯಲ್ಲಿ ನಾನು ಹೇಳಿದ ಹಾಗೆಯೇ ಆಗ್ಬೇಕು" ಎಂದಳು ಆನ್ಸಿ. ಈಗ ಅವಳು ಒಳಗಿದ್ದಾಳೆ. ನಾನು ವರಾಂಡದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅಜ್ಜನಿಗೆ ಕಾಫಿ ಒಯ್ಯುವುದಿದ್ದರೂ ಅವಳನ್ನು ಕೇಳಿಯೇ ಒಳಗೆ ಹೋಗಬೇಕು.