ಹನ್ನೆರಡನೆಯ ಉಂಡೆ

ಥಾರ್ನ್‌ಬೆಕ್, ಯಾರ್ಕ್‌ಶೈರ್
ಬುಧವಾರ, ಏಪ್ರಿಲ್ 3, 1957

ಪ್ರೀತಿಯ ಲೆಟ್ಟಿ,

ನೀನೂ ಸೆಡ್ರಿಕ್ಕನೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಬೋರ್ನ್‌ಮತ್‌ನ ಸಮುದ್ರದ ಗಾಳಿ ನಿನ್ನ ಮಂಡಿನೋವಿಗೆ ಒಗ್ಗಿದೆಯೆಂದು ಬರೆದಿದ್ದೆಯಲ್ಲ, ಓದಿ ಸಮಾಧಾನವಾಯಿತು. ಫೆಬ್ರವರಿಯಲ್ಲಿ ಬಂದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದಾಳೆ ಅಕ್ಕ ಎಂದು ಮುನಿಸಿಕೊಳ್ಳಬೇಡ. ಕೈ ಹಿಟ್ಟಿನಲ್ಲಿತ್ತು. ಅದೂ ಅಲ್ಲದೆ ಹೇಳಬೇಕಾದ ಕಥೆ ಅರ್ಧ ಬೆಂದಿತ್ತು, ಅರ್ಧ ಬೆಂದದ್ದನ್ನು ಒಲೆಯಿಂದ ತೆಗೆಯಬಾರದು ಎಂದು ಅಮ್ಮನೇ ಕಲಿಸಿದ್ದಾಳೆ. ಈಗ ಪೂರ್ತಿ ಬೆಂದಿದೆ. ಚಹಾ ಮಾಡಿಕೊಂಡು ಕೂತು ಓದು. ಇದರ ಜೊತೆಗೆ ಒಂದು ಪುಟ್ಟ ತಗಡಿನ ಡಬ್ಬಿ ಬಂದಿರುತ್ತದೆ. ಓದಿ ಮುಗಿಯುವ ತನಕ ಅದನ್ನು ತೆರೆಯಬೇಡ.

ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಗುಡ್ಡದ ಮೇಲೆ ಕುರಿಗಳು ಮರಿ ಹಾಕುತ್ತಿವೆ. ಪಾದ್ರಿ ಪಿಕರಿಂಗರಿಗೆ ತಿಂಗಳಿಂದ ಕೆಮ್ಮು. ಅವರ ಉಪದೇಶಗಳು ಅರ್ಧಕ್ಕೇ ನಿಲ್ಲುವುದರಿಂದ ಊರಿನವರ ಆರೋಗ್ಯ ಸುಧಾರಿಸಿದೆ. ಅಮ್ಮನ ಸಮಾಧಿಗೆ ಕಲ್ಲು ಇಟ್ಟಾಯಿತು. ನೀನು ಬಂದಾಗ ನೋಡುವೆಯಂತೆ, ಬಂದರೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಗೆಳತಿ ಡೊರೀನ್ ಇದ್ದಾಳಲ್ಲ, ಲೀಡ್ಸ್ ಪಟ್ಟಣದಿಂದ ನಮ್ಮ ಗಿರಣಿಯ ಮ್ಯಾನೇಜರನನ್ನು ಮದುವೆಯಾಗಿ ಬಂದವಳು, ಪ್ರತಿ ಆಗಸ್ಟಿನಲ್ಲಿ ನಿನ್ನ ಮನೆಗೆ ಬಂದು ಇಳಿದುಕೊಳ್ಳುವವಳು, ಅವಳ ಕಥೆಯಿದು. ಫೆಬ್ರವರಿಯಲ್ಲಿ ಚರ್ಚಿನ ಹಜಾರದಲ್ಲಿ ಹೆಂಗಸರ ಸಭೆ ಸೇರಿತ್ತು. ತಾಯಂದಿರ ಭಾನುವಾರದ ಚಹಾಕೂಟಕ್ಕೆ ಯಾರು ಏನು ಮಾಡಿ ತರಬೇಕೆಂದು ಮಾತು. ಸ್ಕೋನು ಅವರದು, ಜಾಮು ಇವರದು ಎಂದೆಲ್ಲ ಆಯಿತು. ಆ ದಿನಕ್ಕೆಂದೇ ಮಾಡುವ ಸಿಮ್ನೆಲ್ ಕೇಕಿನ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೇ ಇರಲಿಲ್ಲ. ಅದು ಎಂದಿನಿಂದಲೂ ಸಗ್ಡನ್ ಮನೆಯದು. ಅಮ್ಮ ಮಾಡುತ್ತಿದ್ದಳು, ಅವಳ ಬೆರಳುಗಳು ಸೆಟೆದುಕೊಂಡ ಮೇಲೆ ನಾನು ಮಾಡಿದೆ, ಊರು ಆಗಲೂ ‘ಸಗ್ಡನ್ ಅಮ್ಮನ ಸಿಮ್ನೆಲ್’ ಎಂದೇ ತಿಂದಿತು. ಅಷ್ಟರಲ್ಲಿ ಡೊರೀನ್ ಕೈಗವಸು ಬಿಚ್ಚುತ್ತ ಎದ್ದು ನಿಂತಳು.

“ಹೆಸ್ಟರ್, ಬೇಜಾರ್ ಮಾಡ್ಕೋಬೇಡಿ. ಈ ವರ್ಷ ಸಿಮ್ನೆಲ್ ನಾನ್ ಮಾಡ್ತೀನಿ. ನಿಮ್ಮಮ್ಮನ ಗುಟ್ಟು ಈಗ ನನ್ ಹತ್ರ ಇದೆ.”

“ಯಾರ್ ಕೊಟ್ರು ನಿಮಗೆ?” ಎಂದೆ.

“ಅದನ್ನ ಹೇಳಕ್ಕಾಗಲ್ಲಪ್ಪ, ಮಾತು ಕೊಟ್ಟಿದೀನಿ. ನಿಮ್ಮಮ್ಮನ ಕೈ ಯಾರಿಗೆ ಬಂದಿತ್ತೋ ಅವರೇ ಕೊಟ್ಟಿದ್ದು ಅನ್ಕೊಳ್ಳಿ. ನೀವು ಪಾಪ, ಡಬ್ಬಿ ಹೊತ್ಕೊಂಡು ಬರ್ತಿದ್ರಿ ಅಷ್ಟೇ ಅಂತಲ್ಲ!”

ಹೆಂಗಸರೆಲ್ಲ ನೆಲ ನೋಡಿದರು. ಕಟುಕರ ಅಂಗಡಿಯ ಪ್ರೂಡೆನ್ಸ್ ಮಾತ್ರ ನನ್ನ ಮುಖ ನೋಡಿದಳು. ನಾನು ಕೂಗಾಡುತ್ತೇನೆ, ಚಹಾದ ಬಟ್ಟಲು ಹಾರುತ್ತದೆ ಎಂದುಕೊಂಡಿದ್ದಳಂತೆ. ನಾನು “ಆಗ್ಲಿ, ಸಂತೋಷವಾಗಿ ಮಾಡಿ” ಎಂದು ಟೋಪಿ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಪ್ರೂಡೆನ್ಸ್ ಓಡಿ ಬಂದು ತೋಳು ಹಿಡಿದಳು.

“ಏನೇ ಇದು, ಅಷ್ಟ್ ಸುಲಭವಾಗಿ ಬಿಟ್‌ಕೊಟ್ಟೆ? ನಿಮ್ಮಮ್ಮ ಗುಂಡೀಲಿ ಮಗ್ಗುಲು ಬದಲಾಯಿಸ್ತಾಳೆ ಕಣೇ!”

“ಬದಲಾಯಿಸ್ಲಿ ಬಿಡು. ಒಂದೇ ಮಗ್ಗುಲಲ್ಲಿ ಮಲಗಿ ಅವಳಿಗೂ ಸಾಕಾಗಿರತ್ತೆ” ಎಂದೆ. ಆದರೆ ಮನೆಗೆ ಬಂದವಳು ಕೋಟು ಕೂಡ ತೆಗೆಯದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಲೆಟ್ಟಿ, ಅಮ್ಮನ ಉಂಗುರ ನಿನಗೆ ಹೋಯಿತು, ಪಿಯಾನೋ ನಿನಗೆ ಹೋಯಿತು, ನಾನು ಒಂದು ಮಾತೂ ಆಡಲಿಲ್ಲ. ನನಗೆ ಉಳಿದದ್ದು ಆ ಕೇಕು ಒಂದೇ. ಅದನ್ನೂ ಯಾರೋ ಎತ್ತಿ ಲೀಡ್ಸಿನವಳ ಮಡಿಲಿಗೆ ಹಾಕಿದ್ದರು. ನನಗೆ ಬಂದದ್ದು ಅಳು ಅಲ್ಲ, ಸಿಟ್ಟು. ಅದನ್ನು ಆರಿಸಲು ನನಗೆ ಮನಸ್ಸೂ ಇರಲಿಲ್ಲ.

ಆ ಕೇಕಿನ ಬಗ್ಗೆ ನಿನಗೆ ನೆನಪಿರುವುದು ಏನೆಂದು ನನಗೆ ಗೊತ್ತು. ನೀನು ಪುಟ್ಟವಳಿದ್ದಾಗ ಅಮ್ಮ ಬಾದಾಮಿ ಕಣಕದ ಉಂಡೆಗಳನ್ನು ಕಟ್ಟಿ ಕೇಕಿನ ಮೇಲೆ ಸುತ್ತ ಇಡುತ್ತಿದ್ದಳು, ಯೇಸುವಿನ ಶಿಷ್ಯರಿಗೆ ಒಂದೊಂದರಂತೆ. ನೀನು ಮೇಜಿನ ಅಂಚಿಗೆ ಗಲ್ಲ ಊರಿ ಎಣಿಸುತ್ತಿದ್ದೆ. “ಅಮ್ಮಾ, ಹನ್ನೊಂದೇ ಇದೆ! ಶಿಷ್ಯರು ಹನ್ನೆರಡು ಜನ ಅಲ್ವಾ? ಇನ್ನೊಂದು ನಂಗೆ ಕೊಡು” ಎಂದು ನೆಲಕ್ಕೆ ಬಿದ್ದು ಹಠ ಮಾಡುತ್ತಿದ್ದೆ. ಅಮ್ಮ ಪ್ರತಿ ವರ್ಷ ಅದೇ ಉತ್ತರ ಕೊಡುತ್ತಿದ್ದಳು: “ಹನ್ನೆರಡನೇದು ಯೂದಂದು ಕಣೇ. ನಂಬಿದೋರನ್ನ ಹಿಡಿದುಕೊಟ್ಟೋನಿಗೆ ನಮ್ಮನೆ ಕೇಕಿನ ಮೇಲೆ ಜಾಗ ಇಲ್ಲ.” ಯುದ್ಧದ ವರ್ಷಗಳಲ್ಲಿ ಬಾದಾಮಿ ಸಿಗದೆ ರವೆಯಲ್ಲಿ ಉಂಡೆ ಕಟ್ಟಿದಾಗಲೂ ಅವಳು ಹನ್ನೊಂದೇ ಕಟ್ಟಿದಳು. ರವೆಯ ಯೂದನಿಗೂ ಅವಳು ಮಾಫಿ ಕೊಡಲಿಲ್ಲ.

ಚಹಾಕೂಟದ ಹಿಂದಿನ ದಿನ, ಶನಿವಾರ, ನಾನೂ ಒಂದು ಸಿಮ್ನೆಲ್ ಬೇಯಿಸಿದೆ, ಯಾರಿಗೂ ಹೇಳಲಿಲ್ಲ. ಒಣದ್ರಾಕ್ಷಿಯನ್ನು ತಣ್ಣಗಾದ ಚಹಾದಲ್ಲಿ ನೆನೆಸಿದೆ, ನಡುವೆ ಬಾದಾಮಿಯ ಪದರ ಇಟ್ಟೆ, ಸಣ್ಣ ಉರಿಯಲ್ಲಿ ಮಧ್ಯಾಹ್ನವೆಲ್ಲ ಒಲೆಯ ಮುಂದೆ ಕೂತೆ. ಮೇಲೆ ಉಂಡೆ ಇಡುವಾಗ ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಮಾಡದ ಕೆಲಸ ಮಾಡಿದೆ. ಹನ್ನೆರಡು ಇಟ್ಟೆ. ಏಕೆಂದರೆ ನನಗೊಂದು ಗುಮಾನಿ ಇತ್ತು, ಸಾಕ್ಷಿ ಇರಲಿಲ್ಲ. ಡೊರೀನಳ ಕೇಕಿನ ಒಂದು ತುಂಡು ಬಾಯಿಗೆ ಬಿದ್ದರೆ ಸಾಕ್ಷಿ ತಾನಾಗಿ ಸಿಗುತ್ತಿತ್ತು. ಗುಮಾನಿ ಸುಳ್ಳಾಗಿದ್ದರೆ ಆ ಹನ್ನೆರಡನೆಯದನ್ನು ನಾನೇ ತಿಂದು, ಮನಸ್ಸಿನಲ್ಲೇ ಒಬ್ಬರ ಕ್ಷಮೆ ಕೇಳಿ ಸುಮ್ಮನಾಗುವವಳಿದ್ದೆ.

ಭಾನುವಾರ ಹಜಾರ ತುಂಬಿತ್ತು. ಮಕ್ಕಳು ತಂತಮ್ಮ ತಾಯಂದಿರಿಗೆ ನೇರಳೆ ಹೂವಿನ ಗೊಂಚಲು ಕೊಟ್ಟರು. ಡೊರೀನಳ ಕೇಕನ್ನು ಅಮ್ಮನ ಹಳೆಯ ಜಾಗದಲ್ಲೇ, ಕಿಟಕಿಯ ಕೆಳಗಿನ ಮೇಜಿನ ಮೇಲೆ ಇಟ್ಟಿದ್ದರು. ನೋಡಲು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಹಳದಿ ರಿಬ್ಬನ್ನು ಬೇರೆ. ಪಾದ್ರಿಗಳು ಪ್ರಾರ್ಥನೆ ಮಾಡಿ, ಕೆಮ್ಮಿ, ಕೇಕು ಕತ್ತರಿಸಿದರು. ಎಲ್ಲರಿಗೂ ಒಂದೊಂದು ತುಂಡು ಹೋಯಿತು. ಗೋರಿ ತೋಡುವ ಮುದುಕ ಜೆತ್ರೋ ಎಲ್ಲರಿಗಿಂತ ಮೊದಲು ಬಾಯಿಗೆ ಹಾಕಿಕೊಂಡ. ಒಂದು ಸಲ ಅಗಿದ. ಎರಡು ಸಲ ಅಗಿದ. ಆಮೇಲೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಕೇಳಿದ:

“ಯಾರ್ ಸತ್ತಿದ್ದು? ನಂಗ್ಯಾರೂ ಹೇಳೇ ಇಲ್ವಲ್ರಪ್ಪಾ!”

ಶಾಜೀರಿಗೆ, ಲೆಟ್ಟಿ! ಕೇಕಿನ ತುಂಬ ಶಾಜೀರಿಗೆ! ನಮ್ಮ ಕಣಿವೆಯಲ್ಲಿ ಸಾವಿನ ಮನೆಯ ಬಿಸ್ಕತ್ತಿಗಲ್ಲದೆ ಬೇರೆ ಯಾವುದಕ್ಕೂ ಅದನ್ನು ಹಾಕುವುದಿಲ್ಲ. ಮಣ್ಣು ಮಾಡಿ ಬಂದವರ ಬಾಯಿಗೆ ಹಾಕುವ ರುಚಿ ಅದು. ಲೀಡ್ಸಿನವಳಿಗೆ ಅದು ಹೇಗೆ ಗೊತ್ತಾಗಬೇಕು? ಒಬ್ಬ ಹುಡುಗ ಅಂಗೈಗೆ ಉಗಿದು “ಅಜ್ಜೀನ ಹೂಳಿದ್ ದಿನ ಕೊಟ್ಟಿದ್ರಲ್ಲ, ಅದೇ ಇದು” ಎಂದ. ನಗುವವರು ಮುಖಕ್ಕೆ ಕರವಸ್ತ್ರ ಹಿಡಿದರು. ಜನವರಿಯಲ್ಲಿ ಗಂಡನನ್ನು ಕಳೆದುಕೊಂಡ ಆಲ್ಡರ್ಸನ್ ಅಮ್ಮ ಮಾತ್ರ ನಿಜವಾಗಿಯೂ ಅತ್ತಳು. ಅದೊಂದಕ್ಕೆ ನನಗೆ ಕರುಳು ಚುರ್ ಎಂದಿತು. ಮರುದಿನ ಅವಳಿಗೆ ಶುಂಠಿಯ ಪಾರ್ಕಿನ್ ಕೇಕು ಮಾಡಿ ಕೊಟ್ಟು ಬಂದೆ. ಉಳಿದವರ ಮುಖ ನೋಡಿದಾಗ ಆದ ಸಂತೋಷವನ್ನು ಬರೆಯಲು ಈ ಕಾಗದ ಸಾಲದು.

ಡೊರೀನ್ ಕೆಂಪೇರಿದ್ದಳು. “ಇದು ಅವರಮ್ಮಂದೇ! ನಾನೇನ್ ಕಲ್ಪಿಸ್ಕೊಂಡು ಮಾಡಿದ್ದಲ್ಲ. ಎರಡು ದೊಡ್ಡ ಚಮಚ ಶಾಜೀರಿಗೆ, ಪುಡಿ ಮಾಡದೆ ಹಾಗೇ ಹಾಕು ಅಂತ ಲೆಟ್ಟಿನೇ ಹೇಳಿದ್ದು!” ಎಂದು ಕಿರುಚಿದಳು. ಅವಳು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು ನೋಡು.

ಅವಳು ಬಾಯಿ ಬಿಡಬೇಕೆಂದೇನೂ ಇರಲಿಲ್ಲ. ಅಮ್ಮನನ್ನು ಮಣ್ಣು ಮಾಡಿದ ಮರುದಿನ ನಾನು ನಿನ್ನನ್ನು ರೈಲು ಹತ್ತಿಸಲು ಬಂದಿದ್ದೆ. ರೈಲು ಹೊರಡುವ ಹೊತ್ತಿಗೆ ನೀನು ಕಿಟಕಿಯಿಂದ ತಲೆ ಹಾಕಿ ಕೇಳಿದೆ: “ಅಕ್ಕಾ, ಆ ಸಿಮ್ನೆಲ್‌ಗೆ ಅಮ್ಮ ಅದೇನೋ ಗುಟ್ಟಾಗಿ ಹಾಕ್ತಿದ್ಳಲ್ಲ, ಏನದು?” ನಾನು ಹೇಳಿದೆ: “ಎರಡು ದೊಡ್ಡ ಚಮಚ ಶಾಜೀರಿಗೆ, ಪುಡಿ ಮಾಡದೆ. ಯಾರಿಗೂ ಹೇಳ್ಬೇಡ.” ನೀನು “ಅಮ್ಮನಾಣೆ ಹೇಳಲ್ಲ” ಎಂದೆ. ಹಿಂದಿನ ದಿನ ತಾನೇ ಅಮ್ಮನ ಹೆಸರಿನ ಆ ಬಿಸ್ಕತ್ತನ್ನು ತಿಂದಿದ್ದೆ, ಆದರೂ ನಿನಗೆ ಸಂಶಯ ಬರಲಿಲ್ಲ! ಹುಟ್ಟಿದಾಗಿನಿಂದ ಅಡುಗೆಮನೆಗೆ ಕಾಲಿಡದವಳಿಗೆ ಬರುವುದಾದರೂ ಹೇಗೆ? ಆ ಸುಳ್ಳನ್ನು ನಾನು ಈ ಭೂಮಿಯ ಮೇಲೆ ಒಬ್ಬಳಿಗೆ ಮಾತ್ರ ಹೇಳಿದ್ದೇನೆ. ನನಗೆ ಅದರ ಬಗ್ಗೆ ನಾಚಿಕೆಯಿಲ್ಲ. ಆಣೆ ಉಳಿಸಿಕೊಂಡಿದ್ದರೆ ಆ ಸುಳ್ಳು ನಿನ್ನ ಹೊಟ್ಟೆಯಲ್ಲೇ ಸತ್ತು ಹೋಗುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಸುಮ್ಮನೆ ಅಲ್ಲ. ನೀನು ಮಾಡಿದ್ದನ್ನು ಪಾಪ ಡೊರೀನ್ ಉಂಡಳು, ಅಷ್ಟೇ ವ್ಯತ್ಯಾಸ.

ಪಾದ್ರಿಗಳು ಗಂಟಲು ಸರಿಮಾಡಿಕೊಂಡು, “ಹೆಸ್ಟರ್, ನೀವೇನಾದ್ರೂ... ಮನೇಲಿ...” ಎಂದು ತಡವರಿಸಿದರು. ನಾನು ಹಜಾರದ ಹಿಂದಿನ ಕೋಣೆಗೆ ಹೋಗಿ ಬಟ್ಟೆ ಮುಚ್ಚಿಟ್ಟಿದ್ದ ಕೇಕು ಎತ್ತಿಕೊಂಡೆ. ಅಲ್ಲೇ ಹನ್ನೆರಡನೆಯ ಉಂಡೆಯನ್ನು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಮೆಲ್ಲಗೆ ಬಿಡಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಆಮೇಲೆ ಕೇಕನ್ನು ತಂದು ಅಮ್ಮನ ಜಾಗದಲ್ಲಿ ಇಟ್ಟೆ. ಪ್ರೂಡೆನ್ಸಳ ಕಣ್ಣು ಹದ್ದಿನದು.

“ಇಲ್ಲೊಂದ್ ಗುಳಿ ಇದೆಯಲ್ಲೇ ಹೆಸ್ಟರ್, ಉಂಡೆ ಬಿದ್ದ್‌ಹೋಯ್ತಾ?”

“ಬಿದ್ದಿಲ್ಲ, ತೆಗೆದೆ. ಯೂದಂದು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಡೊರೀನ್ ಎದ್ದು ನಿಂತು, “ಅದ್ ನನಗಾ? ನನಗೆ ಅಂತಾನಾ ನೀವ್ ಹೇಳ್ತಿರೋದು?” ಎಂದಳು.

“ಇಲ್ಲಮ್ಮ, ಕೂತ್ಕೋ. ನೀನು ತಿಂದಿದ್ದು ಸಾಕು. ಅದನ್ನ ತಿನ್ನೋರು ದೂರದಲ್ಲಿದ್ದಾರೆ, ಅಂಚೇಲಿ ಕಳಿಸ್ತೀನಿ” ಎಂದೆ. ಜನ ನನ್ನ ಕೇಕನ್ನು ಪುಡಿಯೂ ಉಳಿಯದಂತೆ ತಿಂದರು. ಜೆತ್ರೋ ಮೂರನೆಯ ತುಂಡು ತೆಗೆದುಕೊಳ್ಳುತ್ತ, “ಇದು ಬದುಕಿರೋರ ಕೇಕು ನೋಡವ್ವಾ” ಎಂದ. ಮುಂದಿನ ವರ್ಷದ ಸಿಮ್ನೆಲ್ ಯಾರದೆಂದು ಯಾರೂ ಕೇಳಲಿಲ್ಲ.

ಈಗ ಡಬ್ಬಿ ತೆರೆಯಬಹುದು. ಪುಟ್ಟವಳಿದ್ದಾಗ ನೆಲಕ್ಕೆ ಬಿದ್ದು ಕೇಳಿದ್ದೆಯಲ್ಲ, ಅಮ್ಮ ಕೊಡಲಿಲ್ಲ, ಅಕ್ಕ ಕೊಟ್ಟಿದ್ದೇನೆ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಮಂಡಿನೋವು ಪೂರ್ತಿ ವಾಸಿಯಾಗಲಿ. ಅದು ಮಂಡಿ ಬಿಟ್ಟು ನಾಲಿಗೆಗೆ ಹೋದರೆ ಮಾತ್ರ ವೈದ್ಯರ ಹತ್ತಿರ ಓಡಬೇಡ. ಸೆಡ್ರಿಕ್ಕನಿಗೆ ನನ್ನ ನೆನಪು ತಿಳಿಸು.

ನಿನ್ನ ಅಕ್ಕ,
ಹೆಸ್ಟರ್ ಸಗ್ಡನ್

ಮರೆತ ಮಾತು: ಡೊರೀನಳಿಗೆ ಗುಟ್ಟು ಹೇಳಿದ್ದಕ್ಕೆ ಇಷ್ಟೊಂದು ಸಿಟ್ಟೇ ಎಂದು ನಿನಗೆ ಅನಿಸಬಹುದು. ಅದಕ್ಕಲ್ಲ ಲೆಟ್ಟಿ. ಅವಳು ಸಭೆಯಲ್ಲಿ ‘ಅಮ್ಮನ ಕೈ’ ಎಂದಳಲ್ಲ, ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಹೋದ ವರ್ಷದ ತಾಯಂದಿರ ಭಾನುವಾರ ನೀನು ಬಂದಿದ್ದೆ. ಅಮ್ಮ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಾನು ಕೇಕು ಕತ್ತರಿಸಿ ತಟ್ಟೆಗೆ ಹಾಕಿದೆ, ನೀನು “ಕೊಡಕ್ಕ, ನಾನ್ ತಗೊಂಡ್ ಹೋಗ್ತೀನಿ” ಎಂದು ಕೈಯಿಂದ ಇಸಿದುಕೊಂಡೆ. ನಾನು ಚಹಾದ ಪಾತ್ರೆ ಹಿಡಿದು ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತಿದ್ದೆ. ಅಮ್ಮ ಒಂದು ಚೂರು ತಿಂದು, “ಯಾರೇ ಮಾಡಿದ್ದು ಇದನ್ನ?” ಎಂದಳು. ನೀನು “ನಾನೇ ಅಮ್ಮ” ಎಂದೆ. ಅವಳು ನಿನ್ನ ಕೆನ್ನೆ ಮುಟ್ಟಿ, “ನನ್ ಕೈ ನಿಂಗೆ ಬಂತು ಕಣೇ ಮಗಳೇ. ಹೆಸ್ಟರ್‌ಗೆ ಬರ್ಲೇ ಇಲ್ಲ, ಪಾಪ” ಎಂದಳು. ಅಷ್ಟು ವರ್ಷ ನಾನು ಮಾಡಿಟ್ಟದ್ದನ್ನೆಲ್ಲ ‘ಒಣಗಿದೆ’, ‘ಪರವಾಗಿಲ್ಲ’ ಎಂದೇ ತಿಂದವಳು ಅವಳು. ನನ್ನ ಕೈಯಡುಗೆಯನ್ನು ಅಮ್ಮ ಹೊಗಳಿದ್ದು ಅದೊಂದೇ ಸಲ, ಅದನ್ನು ನೀನು ಇಟ್ಟುಕೊಂಡೆ. ಆಮೇಲೆ ಅವಳಿಗೆ ನಿಜ ಹೇಳೋಣವೆಂದರೆ ಅವಳೂ ಉಳಿಯಲಿಲ್ಲ. ಉಂಡೆಯನ್ನು ತಿನ್ನು, ಎಸೆಯಬೇಡ, ಚೆನ್ನಾಗಿದೆ. ಯಾರು ಮಾಡಿದ್ದೆಂದು ಸೆಡ್ರಿಕ್ ಕೇಳಿದರೆ ಈ ಸಲವಾದರೂ ನನ್ನ ಹೆಸರು ಹೇಳು.